ಹಗಲಿಗೊಂದು ತಳಿ, ರಾತ್ರಿಗೊಂದು ತಳಿ: ಗಾಂಜಾದ ಹೆಸರನ್ನು ಎಷ್ಟು ನಂಬಬಹುದು?

ಪ್ರಶ್ನೆ: ನನಗೆ 34 ವರ್ಷ. ಗಾಂಜಾ ಕಾನೂನುಬದ್ಧವಾಗಿರುವ ದೇಶದಲ್ಲಿದ್ದೇನೆ, ಪರವಾನಗಿ ಇರುವ ಅಂಗಡಿಯಿಂದಲೇ ಕೊಳ್ಳುತ್ತೇನೆ. ಎರಡು ವರ್ಷದ ಹಿಂದೆ ಶುರುವಾದಾಗ ಶನಿವಾರ ರಾತ್ರಿ ಮಾತ್ರ ಇತ್ತು. ತಳಿಯಿಂದ ತಳಿಗೆ ವಾಸನೆ, ರುಚಿ, ಅಮಲು ಬೇರೆ ಅನ್ನಿಸಿತು. ಕುತೂಹಲಕ್ಕೆ ಒಂದು ನೋಟ್‌ಬುಕ್ ಇಟ್ಟೆ. ಈಗ ಅದರಲ್ಲಿ 41 ತಳಿಗಳಿವೆ, ಪ್ರತಿಯೊಂದಕ್ಕೂ ಹತ್ತಕ್ಕೆ ಇಷ್ಟು ಅಂತ ಅಂಕ ಕೊಟ್ಟಿದ್ದೇನೆ. ಕೆಲಸ ಮುಗಿದ ಮೇಲೆ ಸಟೈವಾ, ಮಲಗುವ ಮುಂಚೆ ಇಂಡಿಕಾ ಎನ್ನುವುದು ನನ್ನ ಪದ್ಧತಿ. ಕಳೆದ ತಿಂಗಳು, ಹಿಂದೆ ಒಂಬತ್ತು ಅಂಕ ಕೊಟ್ಟಿದ್ದ ತಳಿಯನ್ನೇ ಮತ್ತೆ ತಂದೆ. ನಾಲ್ಕು ದಮ್ಮು ಎಳೆಯುವಷ್ಟರಲ್ಲಿ ಎದೆ ಡವಡವ ಹೊಡೆದುಕೊಳ್ಳಲು ಶುರುವಾಯಿತು, ಸತ್ತೇ ಹೋಗುತ್ತೇನೆ ಅನ್ನುವಷ್ಟು ಭಯ. ಒಂದು ಗಂಟೆ ಬಾತ್‌ರೂಮಿನ ನೆಲದ ಮೇಲೆ ಕೂತಿದ್ದೆ. ಅದೇ ಹೆಸರಿನ ತಳಿ ಹೀಗೇಕೆ ಮಾಡಿತು? ಸಿಬಿಡಿ (ಗಾಂಜಾದಲ್ಲಿರುವ, ಅಮಲು ತರದ ರಾಸಾಯನಿಕ) ಜಾಸ್ತಿ ಇರುವ ತಳಿಗೆ ಬದಲಾದರೆ ಸರಿಹೋಗುತ್ತದೆಯೇ? ನನ್ನ ಹೆಂಡತಿ ಇದನ್ನು ಚಟ ಅನ್ನುತ್ತಾಳೆ, ನಾನು ಹವ್ಯಾಸ ಅನ್ನುತ್ತೇನೆ. ಇನ್ನೊಂದು ವಿಷಯ: ನನ್ನ ಸೋದರಮಾವನಿಗೆ ಹರೆಯದಲ್ಲಿ ಮಾನಸಿಕ ಕಾಯಿಲೆ ಬಂದು ಆಸ್ಪತ್ರೆಗೆ ಸೇರಿಸಿದ್ದರಂತೆ. ಅದಕ್ಕೂ ಇದಕ್ಕೂ ಏನಾದರೂ ಸಂಬಂಧ ಇದೆಯೇ?

ಉತ್ತರ: ನಿಮ್ಮ ಕೊನೆಯ ಸಾಲನ್ನು ನಾನು ಎರಡು ಸಲ ಓದಿದೆ. ಅದಕ್ಕೆ ಖಂಡಿತ ಬರುತ್ತೇನೆ. ಆದರೆ ತಳಿಗಳ ಬಗ್ಗೆ ನೀವು ಕೇಳಿದ್ದಕ್ಕೆ ಮೊದಲು ಉತ್ತರ ಕೊಡದೆ ಅಲ್ಲಿಗೆ ಹಾರಿದರೆ, ಡಾಕ್ಟರು ಬುದ್ಧಿ ಹೇಳಲು ಕಾಯುತ್ತಿದ್ದರು ಅಂತ ನಿಮಗೆ ಅನ್ನಿಸೀತು. ವ್ಯಸನ ಚಿಕಿತ್ಸೆ ಮಾಡುವ ಮನೋವೈದ್ಯ ನಾನು. ಗಾಂಜಾ ಸೇದುವವರು ನನ್ನ ಮುಂದೆ ಕೂತು ದಿನವೂ ಹೇಳುವ ಮಾತೇ ನಿಮ್ಮ ಪತ್ರದಲ್ಲೂ ಇದೆ: "ಆ ತಳಿ ನನಗೆ ಆಗಿಬರಲಿಲ್ಲ ಡಾಕ್ಟ್ರೇ." ಹೆಚ್ಚಿನ ಸಲ ತಪ್ಪು ತಳಿಯದ್ದಾಗಿರುವುದಿಲ್ಲ.

ಸಟೈವಾ, ಇಂಡಿಕಾ ಎಂಬ ಎರಡು ಹೆಸರು ಹಳೆಯವು. ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಯುರೋಪಿನಲ್ಲಿ ಬೆಳೆಯುತ್ತಿದ್ದ ಗಿಡಕ್ಕೆ ಸಟೈವಾ ಎಂದು ಹೆಸರಿಟ್ಟರು. 1785ರಲ್ಲಿ ಇನ್ನೊಬ್ಬ ಸಸ್ಯವಿಜ್ಞಾನಿ ಲಾಮಾರ್ಕ್, ಭಾರತದಿಂದ ಬಂದ ಗಿಡ ಬೇರೆಯೇ ಜಾತಿ ಎಂದು ವಾದಿಸಿ ಇಂಡಿಕಾ ಎಂದರು. ಇದು ಗಿಡದ ವಿಂಗಡಣೆ. ಒಂದು ಚುರುಕು ಕೊಡುತ್ತದೆ, ಇನ್ನೊಂದು ಮಂಪರು ತರುತ್ತದೆ ಎನ್ನುವುದು ಬಹಳ ಕಾಲದ ಮೇಲೆ ಮಾರಾಟದ ಬಾಯಲ್ಲಿ ಸೇರಿಕೊಂಡ ಮಾತು. ಇವತ್ತು ಅಂಗಡಿಯಲ್ಲಿ ಸಿಗುವುದೆಲ್ಲ ತಲೆಮಾರುಗಳಿಂದ ಬೆರಕೆಯಾಗಿರುವ ಗಿಡಗಳೇ. ಅಮೆರಿಕದ ಆರು ರಾಜ್ಯಗಳಲ್ಲಿ ಮಾರಾಟಕ್ಕಿದ್ದ ಸುಮಾರು 90,000 ಮಾದರಿಗಳ ರಾಸಾಯನಿಕ ಅಂಶಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು. ಸಟೈವಾ, ಇಂಡಿಕಾ, ಹೈಬ್ರಿಡ್ ಎಂಬ ಚೀಟಿಗೂ ಒಳಗಿರುವ ರಾಸಾಯನಿಕಕ್ಕೂ ತಾಳೆಯಾಗುವುದಿಲ್ಲ ಎಂಬುದು ಅದರ ತೀರ್ಮಾನ.

ತಳಿಯ ಹೆಸರುಗಳ ಕಥೆಯೂ ಅಷ್ಟೇ. 2019ರಲ್ಲಿ ಅಮೆರಿಕದ ಅಂಗಡಿಗಳಿಂದ 30 ತಳಿಗಳ 122 ಮಾದರಿ ತಂದು ಡಿಎನ್ಎ ಪರೀಕ್ಷೆ ಮಾಡಿದರು. ಒಂದೇ ಹೆಸರಿನ ಎಷ್ಟೋ ಮಾದರಿಗಳು ಒಂದಕ್ಕೊಂದು ಹೊಂದಲಿಲ್ಲ. ಇದರಲ್ಲಿ ಎಲ್ಲವೂ ಮೋಸವಲ್ಲ. ತಾಯಿಗಿಡದ ಕಡ್ಡಿ ನೆಟ್ಟು ಬೆಳೆಸಿದರೆ ವಂಶವಾಹಿ ಅದೇ ಉಳಿಯುತ್ತದೆ. ಬೀಜದಿಂದ ಬೆಳೆಸಿದರೆ ಹುಟ್ಟುವುದು ಒಡಹುಟ್ಟಿದವರು, ಅವಳಿಗಳಲ್ಲ. ಕಡ್ಡಿಯೇ ಆದರೂ ಬೆಳಕು, ಗೊಬ್ಬರ, ಕೊಯ್ದ ವಾರ, ಒಣಗಿಸಿದ ರೀತಿ, ಡಬ್ಬಿಯಲ್ಲಿ ಕಳೆದ ತಿಂಗಳುಗಳು ಹೂವನ್ನು ಬದಲಾಯಿಸುತ್ತವೆ. ಒಂದೇ ಗಿಡದಲ್ಲಿ ತುದಿಯ ಹೂವಿಗೂ ಬುಡದ ಹೂವಿಗೂ ಸತ್ವದಲ್ಲಿ ವ್ಯತ್ಯಾಸ ಇರುತ್ತದೆ. ಭೂತಗನ್ನಡಿಯಲ್ಲಿ ಹೂವನ್ನು ನೋಡಿದ್ದರೆ ಗೊತ್ತಿರುತ್ತದೆ: ಇಬ್ಬನಿ ಹನಿ ಹೊತ್ತ ಗಾಜಿನ ಕಡ್ಡಿಗಳಂತೆ ಸಾವಿರಾರು ಸಣ್ಣ ರೋಮಗಳು. ಅಮಲು ತರುವ ಟಿಎಚ್‌ಸಿ ಎಂಬ ರಾಸಾಯನಿಕವಾಗಲಿ ವಾಸನೆಯಾಗಲಿ ತಯಾರಾಗುವುದು ಆ ಹನಿಗಳ ಒಳಗೆ. ಮೊದಲು ತಿಳಿಯಾಗಿದ್ದು, ಬಲಿಯುತ್ತ ಹಾಲಿನ ಬಣ್ಣಕ್ಕೆ ತಿರುಗಿ, ಕೊನೆಗೆ ಕಂದುಹಳದಿಯಾಗುತ್ತವೆ. ಬೆಳೆಗಾರ ಯಾವ ದಿನ ಕತ್ತರಿ ಹಾಕಿದ ಎಂಬುದು ತಳಿಯ ಹೆಸರಿನಲ್ಲಿ ಇರುವುದಿಲ್ಲ.

ಹಾಗಂತ ನಿಮ್ಮ ಮೂಗು ಸುಳ್ಳು ಹೇಳಿಲ್ಲ. ತಳಿಗಳ ನಡುವೆ ವಾಸನೆಯ ವ್ಯತ್ಯಾಸ ನಿಜವಾದದ್ದು. ನಿಂಬೆ ಸಿಪ್ಪೆಯಲ್ಲಿರುವ ಲಿಮೊನೀನ್, ಪೈನ್ ಮರದ ಪೈನೀನ್, ಕರಿಮೆಣಸಿನ ಕ್ಯಾರಿಯೊಫಿಲೀನ್, ಲ್ಯಾವೆಂಡರಿನ ಲಿನಲೂಲ್ ಎಲ್ಲವೂ ಈ ಹೂವಿನಲ್ಲಿ ಬೇರೆ ಬೇರೆ ಪ್ರಮಾಣದಲ್ಲಿವೆ. ಇವುಗಳಿಗೆ ಟರ್ಪೀನ್ ಎಂದು ಹೆಸರು. ಕೆಲವು ತಳಿಗಳ ಮೂಗಿಗೆ ಹೊಡೆಯುವ ಘಾಟು ಮಾತ್ರ ಟರ್ಪೀನಿನದ್ದಲ್ಲ. ಅದು ಅತ್ಯಲ್ಪ ಪ್ರಮಾಣದ ಗಂಧಕದ ಸಂಯುಕ್ತಗಳದ್ದು ಎಂದು 2021ರಲ್ಲಷ್ಟೇ ಪತ್ತೆಯಾಯಿತು. 2022ರ ಇನ್ನೊಂದು ಅಧ್ಯಯನದಲ್ಲಿ, ಸೇದಿದವರಿಗೆ ಎಷ್ಟು ಹಿತವಾಯಿತು ಎಂಬುದು ಟಿಎಚ್‌ಸಿಯ ಶೇಕಡಾವಾರಿಗಿಂತ ವಾಸನೆ ಎಷ್ಟು ಹಿಡಿಸಿತು ಎಂಬುದಕ್ಕೆ ಹತ್ತಿರವಿತ್ತು. ನಿಮ್ಮ ನೋಟ್‌ಬುಕ್ಕಿನಲ್ಲಿ ವಾಸನೆಯ ಬಗ್ಗೆ ಬರೆದಿರುವ ಸಾಲುಗಳು ಬೆಲೆಯುಳ್ಳವು ಅಂತ ನಾನು ನಿಜಕ್ಕೂ ನಂಬುತ್ತೇನೆ. ನಾನು ಅನುಮಾನ ಪಡುವುದು ಅದರ ಪಕ್ಕದ ಅಂಕಣವನ್ನು, ಅಂದರೆ ಈ ವಾಸನೆ ಇದ್ದರೆ ಮನಸ್ಸಿಗೆ ಹೀಗಾಗುತ್ತದೆ ಎಂದು ಬರೆದಿರುವುದನ್ನು.

ಟರ್ಪೀನುಗಳು ಟಿಎಚ್‌ಸಿಯ ಜೊತೆ ಸೇರಿ ಅಮಲಿನ ಬಣ್ಣ ಬದಲಾಯಿಸುತ್ತವೆ ಎಂಬ ವಾದಕ್ಕೆ ಪುರಾವೆ ತೆಳು. ಇರುವುದರಲ್ಲಿ ಗಟ್ಟಿಯಾದದ್ದು 2024ರ ಒಂದು ಪ್ರಯೋಗ. ಇಪ್ಪತ್ತು ಜನಕ್ಕೆ 30 ಮಿಲಿಗ್ರಾಂ ಟಿಎಚ್‌ಸಿಯ ಜೊತೆ 15 ಮಿಲಿಗ್ರಾಂ ಶುದ್ಧ ಲಿಮೊನೀನ್ ಆವಿ ಕೊಟ್ಟಾಗ ಆತಂಕ ಕಡಿಮೆಯಾಗಿತ್ತು. ಈಗ ನಿಮ್ಮ ಹೂವನ್ನು ತೂಗಿ ನೋಡಿ. ಅದರಲ್ಲಿ ಲಿಮೊನೀನ್ ಶೇ 1ರಷ್ಟು ಇದೆ ಎಂದುಕೊಂಡರೂ, ಅದೇ ಧಾರಾಳದ ಲೆಕ್ಕ, ಕಾಲು ಗ್ರಾಂ ಹೂವಿನಲ್ಲಿ ಇರುವುದು 2.5 ಮಿಲಿಗ್ರಾಂ. ಅದೇ ಕಾಲು ಗ್ರಾಮಿನಲ್ಲಿ ಟಿಎಚ್‌ಸಿ 50 ಮಿಲಿಗ್ರಾಂ ಇರಬಹುದು.

ಅಮಲನ್ನು ಮುಖ್ಯವಾಗಿ ನಿರ್ಧರಿಸುವುದು ಈ ಎರಡನೆಯ ಸಂಖ್ಯೆಯೇ. 1964ರಲ್ಲಿ ರಾಫೆಲ್ ಮೆಕೂಲಮ್ ಮತ್ತು ಯೆಹಿಯೆಲ್ ಗಾವೋನಿ ಇಸ್ರೇಲಿನಲ್ಲಿ ಟಿಎಚ್‌ಸಿಯನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದರು. ಅದು ಹೋಗಿ ಕೂರುವ ಸಿಬಿ1 ಎಂಬ ಗ್ರಾಹಕಗಳು (ರಿಸೆಪ್ಟರ್‌ಗಳು) ನಮ್ಮ ಮಿದುಳಿನಲ್ಲಿ ಮೊದಲೇ ಇವೆ. ಅವುಗಳಿಗಾಗಿ ದೇಹವೇ ತಯಾರಿಸುವ ಒಂದು ವಸ್ತುವನ್ನು 1992ರಲ್ಲಿ ಕಂಡುಹಿಡಿದು, ಸಂಸ್ಕೃತದ 'ಆನಂದ' ಪದದಿಂದಲೇ ಆನಂದಮೈಡ್ ಎಂದು ಹೆಸರಿಟ್ಟರು. ಭಯ, ಹೃದಯದ ಬಡಿತ, ನೆನಪು, ಹಸಿವು ಇವೆಲ್ಲದರ ಮೇಲೂ ಈ ವ್ಯವಸ್ಥೆಯ ಕೈಯಿದೆ. ಟಿಎಚ್‌ಸಿಯ ವಿಚಿತ್ರ ಏನೆಂದರೆ ಸ್ವಲ್ಪ ಇದ್ದಾಗ ಅದು ಭಯವನ್ನು ತಣಿಸುತ್ತದೆ, ಸ್ವಲ್ಪವೇ ಹೆಚ್ಚಾದರೆ ಭಯವನ್ನು ಕೆರಳಿಸುತ್ತದೆ. ಶಿಕಾಗೋದಲ್ಲಿ 42 ಆರೋಗ್ಯವಂತರಿಗೆ ಟಿಎಚ್‌ಸಿ ಮಾತ್ರೆ ಕೊಟ್ಟು, ಅಪರಿಚಿತರೆದುರು ನಿಂತು ಮಾತಾಡಲು ಹೇಳಿದ ಪ್ರಯೋಗವೊಂದಿದೆ. 7.5 ಮಿಲಿಗ್ರಾಂ ತೆಗೆದುಕೊಂಡವರಿಗೆ ಒತ್ತಡ ಕಡಿಮೆ ಅನ್ನಿಸಿತು. 12.5 ಮಿಲಿಗ್ರಾಂ ತೆಗೆದುಕೊಂಡವರು ಮಾತಾಡುವ ಮುಂಚೆಯೂ ಮಾತಾಡುವಾಗಲೂ ಕಂಗೆಟ್ಟರು. ನಡುವಿನ ಅಂತರ ಐದೇ ಮಿಲಿಗ್ರಾಂ.

ನೀವು ಕಳಿಸಿದ ಚೀಟಿಯ ಚಿತ್ರದಲ್ಲಿ ಟಿಎಚ್‌ಸಿಎ ಶೇ 22.4, ಟಿಎಚ್‌ಸಿ ಶೇ 0.8 ಎಂದಿದೆ. ಹಸಿ ಹೂವಿನಲ್ಲಿರುವುದು ಬಹುಪಾಲು ಟಿಎಚ್‌ಸಿಎ, ಅದಕ್ಕೆ ಅಮಲಿಲ್ಲ. ಬಿಸಿ ತಾಗಿದಾಗ ಅದು ಟಿಎಚ್‌ಸಿ ಆಗುತ್ತದೆ, ಆಗುವಾಗ ತೂಕ ಸ್ವಲ್ಪ ಕಳೆದುಕೊಳ್ಳುತ್ತದೆ. ಹಾಗಾಗಿ 22.4ನ್ನು 0.877ರಿಂದ ಗುಣಿಸಿ 0.8 ಸೇರಿಸಿದರೆ ಒಟ್ಟು ಸುಮಾರು ಶೇ 20.4. ಅಂದರೆ ಒಂದು ಗ್ರಾಮಿನಲ್ಲಿ 204 ಮಿಲಿಗ್ರಾಂ. ಸೇದಿದಾಗ ಅರ್ಧಕ್ಕಿಂತ ಹೆಚ್ಚು ಸುಟ್ಟೋ ಹೊಗೆಯಲ್ಲೋ ಹಾಳಾಗುತ್ತದೆ, ನಿಜ. ಆದರೂ ನಾಲ್ಕು ಆಳವಾದ ದಮ್ಮಿನಲ್ಲಿ ಆ 12.5ರ ಗೆರೆ ದಾಟುವುದು ಏನೇನೂ ಕಷ್ಟವಲ್ಲ. ಚೀಟಿಯ ಸಂಖ್ಯೆಯನ್ನೂ ಕಣ್ಣುಮುಚ್ಚಿ ನಂಬಬೇಡಿ. ಹೆಚ್ಚು ಶೇಕಡಾವಾರು ಕಂಡರೆ ಜನ ಕೊಳ್ಳುತ್ತಾರೆ, ಹಾಗಾಗಿ ಚೀಟಿಯಲ್ಲಿ ಏರಿಸಿ ಬರೆಯುವ ಪರಿಪಾಠವನ್ನು ಸ್ವತಂತ್ರ ಪರೀಕ್ಷೆಗಳು ಮತ್ತೆ ಮತ್ತೆ ಹೊರಗೆಡವಿವೆ. ಹಿಂದಿನ ಸಲದ ಡಬ್ಬಿಯಲ್ಲಿ ನಿಜಕ್ಕೂ ಇದ್ದದ್ದು ಶೇ 14 ಇದ್ದಿರಬಹುದು, ಈ ಸಲದ್ದು 20. ಹೆಸರು ಅದೇ. ಅದರ ಮೇಲೆ, ಆ ದಿನ ಸರಿಯಾಗಿ ನಿದ್ದೆ ಮಾಡಿರಲಿಲ್ಲ, ಮ್ಯಾನೇಜರ್ ಜೊತೆ ಜಗಳವಾಗಿತ್ತು ಅಂತ ಪತ್ರದ ಬೇರೊಂದು ಕಡೆ ನೀವೇ ಬರೆದಿದ್ದೀರಿ. ಕದಡಿದ ಮನಸ್ಸಿಗೆ ಅದೇ ಪ್ರಮಾಣ ಬೇರೆಯಾಗಿಯೇ ತಾಗುತ್ತದೆ.

ಎದೆ ಡವಡವ ಅಂದದ್ದು ಭ್ರಮೆಯಲ್ಲ. ಟಿಎಚ್‌ಸಿ ನಾಡಿಯನ್ನು ನಿಮಿಷಕ್ಕೆ 20ರಿಂದ 50 ಬಡಿತದಷ್ಟು ಏರಿಸಬಲ್ಲದು. ಹೃದಯ ಓಡುತ್ತಿರುವುದು ಗಮನಕ್ಕೆ ಬಂದು ಭಯ, ಭಯಕ್ಕೆ ಹೃದಯ ಇನ್ನೂ ಜೋರು. ಸೇದಿದ್ದರೆ ಅದರ ತೀವ್ರತೆ ಅರ್ಧ ಗಂಟೆಯಲ್ಲಿ ಇಳಿಯಲು ಶುರುವಾಗಿ ಎರಡು ಮೂರು ಗಂಟೆಯಲ್ಲಿ ಕಳೆಯುತ್ತದೆ. ಗೋಡೆಗೆ ಒರಗಿ ಕೂತು, ಉಸಿರನ್ನು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಬಿಡುತ್ತ, ಪಕ್ಕದಲ್ಲಿ ಒಬ್ಬರನ್ನು ಇಟ್ಟುಕೊಂಡರೆ ಸಾಕು. ಆದರೆ ಎದೆಯಲ್ಲಿ ಹಿಂಡುವ ನೋವು, ಎಚ್ಚರ ತಪ್ಪುವುದು, ಅಮಲಿಳಿದ ಮೇಲೂ ಯಾರೋ ನನ್ನ ಬೆನ್ನು ಹತ್ತಿದ್ದಾರೆ ಎಂಬ ನಂಬಿಕೆ ಉಳಿಯುವುದು: ಇವುಗಳಲ್ಲಿ ಯಾವುದಾದರೂ ಆದರೆ ಆಸ್ಪತ್ರೆಗೆ ಹೋಗಲೇಬೇಕು, ಏನು ಸೇದಿದ್ದೆ ಎಂಬುದನ್ನು ಮುಚ್ಚಿಡದೆ ಹೇಳಲೇಬೇಕು.

ಸಿಬಿಡಿ ಬಗ್ಗೆ ಕೇಳಿದ್ದೀರಿ. ಸಿಬಿಡಿಯಿಂದ ಅಮಲೇರುವುದಿಲ್ಲ. ಅದು ಟಿಎಚ್‌ಸಿಗೆ ಕಡಿವಾಣ ಹಾಕುತ್ತದೆ ಎಂದು ನಾವೂ ಬಹಳ ವರ್ಷ ನಂಬಿದ್ದೆವು, ರೋಗಿಗಳಿಗೆ ಹಾಗೆಯೇ ಹೇಳಿಯೂ ಇದ್ದೆವು. ಲಂಡನ್ನಿನಲ್ಲಿ 46 ಆರೋಗ್ಯವಂತರ ಮೇಲೆ ನಡೆದ, 2022ರಲ್ಲಿ ಪ್ರಕಟವಾದ ಪ್ರಯೋಗ ಅದನ್ನು ಅಲುಗಾಡಿಸಿತು. 10 ಮಿಲಿಗ್ರಾಂ ಟಿಎಚ್‌ಸಿಯ ಜೊತೆ 10, 20, 30 ಮಿಲಿಗ್ರಾಂ ಸಿಬಿಡಿ ಕೊಟ್ಟರೂ ನೆನಪು ಮಂಕಾಗುವುದಾಗಲಿ ಸಂಶಯದ ಅನುಭವಗಳಾಗಲಿ ಕಡಿಮೆಯಾಗಲಿಲ್ಲ. ಹಾಗಾದರೆ ಸಿಬಿಡಿ ತಳಿ ಸೇದಿದವರು ಹಗುರವಾಗಿತ್ತು ಅನ್ನುವುದೇಕೆ? ಅದರಲ್ಲಿ ಟಿಎಚ್‌ಸಿಯೇ ಕಡಿಮೆ ಇರುತ್ತದೆ, ಅದಕ್ಕೆ. ಆ ಮಟ್ಟಿಗೆ ಬದಲಾಯಿಸಿಕೊಳ್ಳುವುದು ಒಳ್ಳೆಯದೇ. ಆದರೆ ಎಂದಿನ ತಳಿ ಸೇದಿ ಮೇಲೊಂದು ಸಿಬಿಡಿ ಎಣ್ಣೆ ಕುಡಿದರೆ ರಕ್ಷಣೆ ಸಿಕ್ಕಿತು ಅಂದುಕೊಳ್ಳಬೇಡಿ. ರಕ್ತ ತೆಳುವಾಗಿಸುವ ಮಾತ್ರೆ, ಮೂರ್ಛೆರೋಗದ ಔಷಧಿ ನಡೆಯುತ್ತಿರುವವರಲ್ಲಿ ಸಿಬಿಡಿ ಆ ಔಷಧಿಯ ಮಟ್ಟವನ್ನೇ ಏರುಪೇರು ಮಾಡುತ್ತದೆ.

ಈಗ ನಿಮ್ಮ ಹೋಲಿಕೆಯ ವಿಷಯ. ಪ್ರಾಮಾಣಿಕವಾಗಿ ಹೋಲಿಸಬೇಕೆಂದರೆ ಹೆಸರು ಕಣ್ಣಿಗೆ ಬೀಳಬಾರದು. ಇಂಡಿಕಾ ಎಂದು ಓದಿಕೊಂಡು ಸೇದಿದವರಿಗೆ ನಿದ್ದೆ ಬರುವುದರಲ್ಲಿ ನಿರೀಕ್ಷೆಯ ಪಾಲು ದೊಡ್ಡದು. ಬೇರೊಬ್ಬರು ಡಬ್ಬಿಗಳ ಮೇಲೆ ಅ, ಆ ಎಂದಷ್ಟೇ ಬರೆದಿಡಲಿ. ಎರಡರಲ್ಲೂ ಒಟ್ಟು ಟಿಎಚ್‌ಸಿ ಹೆಚ್ಚುಕಡಿಮೆ ಸಮವಿರಬೇಕು. ಕಣ್ಣಳತೆ ಬಿಟ್ಟು ತೂಕದ ಯಂತ್ರದಲ್ಲಿ ಅಳೆಯಬೇಕು. ಸಂಶೋಧಕರು 5 ಮಿಲಿಗ್ರಾಂ ಟಿಎಚ್‌ಸಿಯನ್ನು ಒಂದು ಅಳತೆ ಎಂದು ಇಟ್ಟುಕೊಂಡಿದ್ದಾರೆ, ಅದನ್ನು ದಾಟುವ ಅಗತ್ಯ ವಾಸನೆ ರುಚಿ ನೋಡುವವರಿಗಿಲ್ಲ. ಒಂದು ದಮ್ಮು, ಆಮೇಲೆ ಹದಿನೈದು ನಿಮಿಷ ಸುಮ್ಮನೆ ಕೂರುವುದು. ಉಸಿರು ಬಿಗಿಹಿಡಿದರೆ ಅಮಲು ಹೆಚ್ಚುವುದಿಲ್ಲ, ಟಾರು ಮಾತ್ರ ಒಳಗೆ ಕೂರುತ್ತದೆ. ತಂಬಾಕು ಬೆರೆಸಿದರೆ ಹೋಲಿಕೆಯೂ ಕೆಟ್ಟಿತು, ಇನ್ನೊಂದು ವ್ಯಸನವೂ ಅಂಟಿತು. ತಿನ್ನುವ ರೂಪವನ್ನು ಈ ಹೋಲಿಕೆಗೆ ತರಬೇಡಿ. ಅದು ಏರಲು ಅರ್ಧ ಗಂಟೆಯಿಂದ ಎರಡು ಗಂಟೆ ಹಿಡಿಯುತ್ತದೆ, ಯಕೃತ್ತಿನಲ್ಲಿ ಬೇರೆಯೇ ರೂಪಕ್ಕೆ ತಿರುಗಿ ಎಂಟು ಹತ್ತು ಗಂಟೆ ಇರಬಲ್ಲದು. ಏನೂ ಆಗಲಿಲ್ಲ ಅಂತ ಇನ್ನೊಂದು ತುಂಡು ತಿಂದು ತುರ್ತು ಚಿಕಿತ್ಸೆಗೆ ಬಂದವರನ್ನು ಎಷ್ಟೋ ಸಲ ನೋಡಿದ್ದೇನೆ. ಶೇ 60ರಿಂದ 90ರಷ್ಟು ಟಿಎಚ್‌ಸಿ ಇರುವ, ಗಾಂಜಾದ ಸತ್ವ ಹಿಂಡಿ ತೆಗೆದ ಅಂಟು, ಮೇಣಗಳನ್ನು ಯಾವ ನೆಪಕ್ಕೂ ಶಿಫಾರಸು ಮಾಡಲಾರೆ. ಸೇದಿದ ಮೇಲೆ ಕನಿಷ್ಠ ಆರು ಗಂಟೆ ವಾಹನ ಮುಟ್ಟಬೇಡಿ, ತಿಂದಿದ್ದರೆ ಇನ್ನೂ ಹೆಚ್ಚು. ಗಾಂಜಾ ಕಾನೂನುಬಾಹಿರವಾಗಿರುವ ಕಡೆ ಈ ಇಡೀ ಲೆಕ್ಕಾಚಾರಕ್ಕೆ ಅರ್ಥವಿಲ್ಲ. ಅಲ್ಲಿ ಚೀಟಿಯಿಲ್ಲ, ಪ್ರಯೋಗಾಲಯವಿಲ್ಲ, ಸಿಕ್ಕಿಬಿದ್ದರೆ ಜೈಲಿದೆ.

ಇಷ್ಟು ವಿವರವಾಗಿ ಬರೆದದ್ದಕ್ಕೆ ಕಾರಣವಿದೆ. ಹೀಗೆ ಹೋಲಿಸುವವನು ವಾರಕ್ಕೆ ಒಂದಕ್ಕಿಂತ ಹೆಚ್ಚು ಸಲ ಹೋಲಿಸಲಾರ. ಹಿಂದಿನ ಸಲದ್ದರ ಪ್ರಭಾವ ಕಳೆಯದೆ ಇವತ್ತಿನದ್ದನ್ನು ಅಳೆಯಲು ಬರುವುದಿಲ್ಲ. ನಿಮ್ಮ ನೋಟ್‌ಬುಕ್ಕಿನ ತಾರೀಕುಗಳನ್ನು ನೀವೇ ಟೈಪ್ ಮಾಡಿ ಕಳಿಸಿದ್ದೀರಿ. ಮೊದಲ ಆರು ತಿಂಗಳು ಶನಿವಾರಗಳು. ಆಮೇಲೆ ಬುಧವಾರ ಸೇರಿದೆ. ಕಳೆದ ನಾಲ್ಕು ತಿಂಗಳಲ್ಲಿ ವಾರಕ್ಕೆ ಐದು ದಿನ, ಅದರಲ್ಲೂ ಸಂಜೆಯೊಂದು, ರಾತ್ರಿಯೊಂದು. ಅಂಕಗಳನ್ನೂ ನೋಡಿ: ಮೊದಲ ಹತ್ತು ತಳಿಗಳಿಗೆ ಎಂಟು, ಒಂಬತ್ತು. ಕೊನೆಯ ಹತ್ತಕ್ಕೆ ಐದು, ಆರು. ತಳಿಗಳು ಕಳಪೆಯಾಗಲಿಲ್ಲ. ದಿನವೂ ಟಿಎಚ್‌ಸಿ ಬರುತ್ತಿದ್ದರೆ ಮಿದುಳು ತನ್ನ ಸಿಬಿ1 ಗ್ರಾಹಕಗಳನ್ನು ಕಡಿಮೆ ಮಾಡಿಕೊಳ್ಳುತ್ತದೆ. ಹೊಸ ಹೆಸರು ಹುಡುಕಿಕೊಂಡು ಹೋಗುವಾಗ ನೀವು ಬೆನ್ನಟ್ಟುತ್ತಿದ್ದದ್ದು ಹಳೆಯ ಸಂವೇದನೆಯನ್ನು.

ಇದು ಚಟವೇ? ಒಂದು ಪತ್ರದ ಮೇಲೆ ನಾನು ರೋಗನಿರ್ಣಯ ಮಾಡುವುದಿಲ್ಲ. ನಾವು ಬಳಸುವ ಹನ್ನೊಂದು ಲಕ್ಷಣಗಳ ಪಟ್ಟಿಯಲ್ಲಿ ಒಂದು ವರ್ಷದೊಳಗೆ ಎರಡು ಕಂಡರೂ ಸೌಮ್ಯ ಪ್ರಮಾಣದ ವ್ಯಸನ ಅನ್ನುತ್ತೇವೆ. ಅಂದುಕೊಂಡದ್ದಕ್ಕಿಂತ ಹೆಚ್ಚು ಸೇದುವುದು ಅದರಲ್ಲೊಂದು, ಮೊದಲಿನ ಪ್ರಮಾಣ ಸಾಲದಾಗುವುದು ಇನ್ನೊಂದು, ಮನೆಯಲ್ಲಿ ಜಗಳವಾದರೂ ಮುಂದುವರಿಸುವುದು ಮತ್ತೊಂದು. ಅದನ್ನು ಹೆಂಡತಿಯ ಜೊತೆ ಕೂತು ನೋಡಿ, ಅವರ ಮಾತು ಮುಗಿಯುವವರೆಗೆ ನಡುವೆ ಬಾಯಿ ಹಾಕದೆ ಕೇಳಿ.

ಸೋದರಮಾವನ ವಿಷಯ. ಸಂಬಂಧ ಇದೆ. ಮನೋವಿಕಲತೆ, ಅಂದರೆ ವಾಸ್ತವದ ಹಿಡಿತ ತಪ್ಪುವ ಕಾಯಿಲೆ, ಮತ್ತು ಬೈಪೋಲಾರ್ ಕಾಯಿಲೆಗೆ ವಂಶದ ಎಳೆ ಇರುತ್ತದೆ. ಅಪ್ಪ, ಅಮ್ಮ, ಒಡಹುಟ್ಟಿದವರಲ್ಲಿ ಇದ್ದರೆ ಅಪಾಯ ಹೆಚ್ಚು. ಸೋದರಮಾವನಲ್ಲಿ ಇದ್ದರೆ ಅದಕ್ಕಿಂತ ಕಡಿಮೆ, ಆದರೆ ಇಲ್ಲವೆನ್ನುವಂತಿಲ್ಲ. ಯುರೋಪಿನ ಹತ್ತು ಕಡೆ ಹಾಗೂ ಬ್ರೆಜಿಲ್‌ನಲ್ಲಿ ನಡೆದ, 2019ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಶೇ 10 ಅಥವಾ ಅದಕ್ಕಿಂತ ಹೆಚ್ಚು ಟಿಎಚ್‌ಸಿ ಇರುವ ಗಾಂಜಾವನ್ನು ದಿನವೂ ಸೇದುವವರಲ್ಲಿ ಮನೋವಿಕಲತೆಯ ಸಂಭವ ಎಂದೂ ಸೇದದವರಿಗಿಂತ ಸುಮಾರು ಐದು ಪಟ್ಟು ಕಂಡಿತು. ಸೇದುವ ಹೆಚ್ಚಿನವರಿಗೆ ಇದು ಬರುವುದಿಲ್ಲ, ಅದೂ ನಿಜ. ಆದರೆ ನಿಮ್ಮ 41 ತಳಿಗಳಲ್ಲಿ ಶೇ 10ಕ್ಕಿಂತ ಕೆಳಗಿರುವುದು ಒಂದೂ ಇಲ್ಲ. ಮಾವನಿಗೆ ಏನಾಗಿತ್ತು, ಎಷ್ಟನೇ ವಯಸ್ಸಿನಲ್ಲಿ, ಎಷ್ಟು ಕಾಲ ಚಿಕಿತ್ಸೆ ನಡೆಯಿತು ಅಂತ ಅಮ್ಮನನ್ನು ಈ ವಾರವೇ ಕೇಳಿ. ಸ್ಕಿಜೊಫ್ರೇನಿಯಾ ಎಂದೋ ಬೈಪೋಲಾರ್ ಎಂದೋ ಗೊತ್ತಾದರೆ, ಟಿಎಚ್‌ಸಿ ಪೂರ್ತಿ ಬಿಡಿ ಎನ್ನುವುದೇ ನನ್ನ ಸಲಹೆ. ನನ್ನ ತಮ್ಮನಾಗಿದ್ದರೂ ಇದನ್ನೇ ಹೇಳುತ್ತಿದ್ದೆ.

ಅದು ಗೊತ್ತಾಗುವವರೆಗೂ ಕಾಯದೆ, ನಾಲ್ಕು ವಾರ ಸಂಪೂರ್ಣ ನಿಲ್ಲಿಸಿ. ಗ್ರಾಹಕಗಳು ಮೊದಲಿನ ಮಟ್ಟಕ್ಕೆ ಬರಲು ಸುಮಾರು ಅಷ್ಟು ಕಾಲ ಬೇಕು. ಮೊದಲ ಎರಡು ದಿನದಲ್ಲೇ ಸಿಡಿಮಿಡಿ ಶುರುವಾಗುತ್ತದೆ. ಮೊದಲ ವಾರದಲ್ಲಿ ಅದು ಹೆಚ್ಚು, ಹಸಿವು ಇರುವುದಿಲ್ಲ, ರಾತ್ರಿ ಬೆವರು, ನಿದ್ದೆ ಬಾರದು. ಬಂದರೂ ಕಣ್ಣಿಗೆ ಕಟ್ಟಿದಂಥ ಕನಸುಗಳು. ಗಾಂಜಾ ಅದುಮಿಟ್ಟಿದ್ದ ಕನಸಿನ ನಿದ್ದೆ ಮರಳುತ್ತಿರುವ ಗುರುತು ಅದು. "ಇಂಡಿಕಾ ಇಲ್ಲದೆ ನನಗೆ ನಿದ್ದೆಯೇ ಬರುವುದಿಲ್ಲ" ಎಂದು ಜನ ಮತ್ತೆ ಸೇದುವುದು ಇದೇ ರಾತ್ರಿಗಳಲ್ಲಿ. ಎರಡು ಮೂರು ವಾರದಲ್ಲಿ ಇದು ತಾನಾಗಿಯೇ ಇಳಿಯುತ್ತದೆ. ನೋಟ್‌ಬುಕ್ ಎಸೆಯಬೇಡಿ. ಎಷ್ಟು ಹೊತ್ತಿಗೆ ಮಲಗಿದೆ, ಎಷ್ಟು ಸಲ ಸೇದಬೇಕೆನ್ನಿಸಿತು, ಆಗ ಏನು ನಡೆಯುತ್ತಿತ್ತು ಎಂದು ಅದರಲ್ಲೇ ಬರೆಯಿರಿ. ನಾಲ್ಕು ವಾರ ಸಲೀಸಾಗಿ ಕಳೆದು, ಅಮ್ಮನ ಉತ್ತರವೂ ನೆಮ್ಮದಿ ತಂದರೆ, ಶನಿವಾರಕ್ಕೆ ಒಂದು, ಟಿಎಚ್‌ಸಿ ಕಡಿಮೆ ಇರುವುದು ಎಂಬಲ್ಲಿಗೆ ಮರಳುವುದನ್ನು ಯೋಚಿಸಬಹುದು. ಆದರೂ ಆ ಬಾತ್‌ರೂಮಿನ ರಾತ್ರಿ ಮರುಕಳಿಸುವ ಸಾಧ್ಯತೆ ಅಲ್ಲಿಯೂ ಇದ್ದೇ ಇದೆ. ಹತ್ತನೇ ದಿನಕ್ಕೇ ಮತ್ತೆ ಹಚ್ಚಿಬಿಟ್ಟರೆ ನಾಚಿಕೆಪಟ್ಟು ಸುಮ್ಮನಾಗಬೇಡಿ, ಹತ್ತಿರದ ವ್ಯಸನ ಚಿಕಿತ್ಸಾ ವೈದ್ಯರನ್ನು ಕಾಣಿ. ಇದಕ್ಕೆಂದೇ ಮೀಸಲಾದ ಮಾತ್ರೆ ಇನ್ನೂ ಬಂದಿಲ್ಲ. ಆದರೆ ಕೆಲವು ವಾರಗಳ ಆಪ್ತಸಮಾಲೋಚನೆಯಿಂದ ಹೊರಬಂದವರು ನನ್ನಲ್ಲಿಯೇ ಬೇಕಾದಷ್ಟಿದ್ದಾರೆ. ಹೋಗುವಾಗ ನೋಟ್‌ಬುಕ್ ಜೊತೆಗಿರಲಿ.